ಬಲವಿಲ್ಲದ ವಿಮಾನ

ಒಂದು ವಿಮಾನ ಕಟ್ಟಿಯೇ ಬಿಡುವುದೆಂದು ನಾನು ತೀರ್ಮಾನಿಸಿದೆ. ಗಾಳಿಪಟವಲ್ಲ, ಕಾಗದದ ರಾಕೆಟ್ಟೂ ಅಲ್ಲ. ಪೆಟ್ರೋಲ್ ಕುಡಿದು, ಗುಡುಗಿ, ನೆಲ ಬಿಟ್ಟು ಏಳುವ ವಿಮಾನ! ರೆಕ್ಕೆಯ ತುದಿಯಿಂದ ತುದಿಗೆ ಎಂಟೂವರೆ ಅಡಿ. ನಾನು ನೆಲದ ಮೇಲೆ ರಿಮೋಟ್ ಹಿಡಿದು ನಿಲ್ಲುವುದು, ಅದು ಆಕಾಶದಲ್ಲಿ ನಾನು ಹೇಳಿದಂತೆ ಕೇಳುವುದು. ಮನೆಯಲ್ಲಿ ನಾನು ಹೇಳಿದಂತೆ ಕೇಳುವ ಒಂದು ವಸ್ತುವಾದರೂ ಇರಲಿ ಎಂಬ ಸಣ್ಣ ಆಸೆಯೂ ಅದರಲ್ಲಿ ಸೇರಿತ್ತು.

ನನ್ನ ಯೋಗ್ಯತೆಯ ಬಗ್ಗೆ ಯಾರಿಗೂ ಅನುಮಾನ ಬೇಡ. ನೀರೆತ್ತುವ ಪಂಪು ತಯಾರಿಸುವ ಕಾರ್ಖಾನೆಯಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಇದ್ದೇನೆ. ಪಂಪು ಮಾಡುವವನಲ್ಲ. ಪಂಪಿನ ಪೆಟ್ಟಿಗೆಯೊಳಗೆ ಒಂದು ಪುಸ್ತಕ ಇರುತ್ತದಲ್ಲ, ‘ಬಳಸುವ ಮುನ್ನ ದಯವಿಟ್ಟು ಪೂರ್ತಿ ಓದಿ’ ಎಂದು, ಅದನ್ನು ಬರೆಯುವವನು. ಮೂವತ್ತೆರಡು ಪುಟ, ಹನ್ನೊಂದು ಚಿತ್ರ, ಲಕ್ಷಾಂತರ ಪ್ರತಿ! ಇಷ್ಟು ಪ್ರತಿ ಅಚ್ಚಾದ ಲೇಖಕ ಸುತ್ತಮುತ್ತ ಇನ್ನೊಬ್ಬನಿಲ್ಲ ಎಂದು ಆಗಾಗ ನನಗೆ ನಾನೇ ನೆನಪಿಸಿಕೊಳ್ಳುತ್ತಿರುತ್ತೇನೆ. ಬೇರೆ ಯಾರೂ ನೆನಪಿಸುವುದಿಲ್ಲವಾದ್ದರಿಂದ. ಈ ಇಪ್ಪತ್ತೆರಡು ವರ್ಷದಲ್ಲಿ ನನ್ನ ಪುಸ್ತಕದ ಮೇಲೆ ಒಂದು ದೂರೂ ಬಂದಿಲ್ಲ. ಒಂದೇ ಒಂದು!

ಈ ಹೆಮ್ಮೆಗೆ ಸೂಜಿ ಚುಚ್ಚಿದವರು ನನ್ನ ಮಾವ, ಅಂದರೆ ಹೆಂಡತಿಯ ಅಪ್ಪ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ಮೂವತ್ತೈದು ವರ್ಷ ಇಂಜಿನ್ನುಗಳ ಹೊಟ್ಟೆಯೊಳಗೆ ಕೈಯಾಡಿಸಿ ನಿವೃತ್ತರಾದವರು. ಅವರ ಮನೆಯ ಚಾವಣಿ ರಿಪೇರಿಗೆ ಬಂದಿತ್ತು. ಅದು ಮುಗಿಯುವವರೆಗೆ ಮೂರು ತಿಂಗಳು ನಮ್ಮಲ್ಲಿರಲು ಬಂದರು. ಬಂದ ಎರಡನೆಯ ದಿನವೇ ನಮ್ಮ ಮನೆಯ ಪಂಪು ಕೆಟ್ಟಿತು. ನಮ್ಮ ಕಾರ್ಖಾನೆಯದೇ ಪಂಪು! ನಾನು ಬೀರುವಿನಲ್ಲಿ ನನ್ನ ಪುಸ್ತಕ ಹುಡುಕಿಕೊಂಡು ಬರುವಷ್ಟರಲ್ಲಿ ಅವರು ಅದನ್ನು ಬಿಚ್ಚಿ, ಕೂಡಿಸಿ, ನೀರು ಬರಿಸಿ, ಅದೇ ನೀರಿನಲ್ಲಿ ಕೈ ತೊಳೆಯುತ್ತಿದ್ದರು.

“ಮಾವ, ಒಂದ್ಸಲ ಪುಸ್ತಕ ನೋಡ್ಬಹುದಿತ್ತು.”

“ಯಾವ ಪುಸ್ತಕ?”

“ಪಂಪಿಂದು. ನಾನೇ ಬರ್ದಿರೋದು.”

“ನೀವೇ ಬರ್ದಿರೋದು ಅಂತ ಗೊತ್ತು ಅಳಿಯಂದ್ರೇ. ಅದಕ್ಕೇ ನೋಡ್ಲಿಲ್ಲ.”

ಒಳಕೋಣೆಯಲ್ಲಿ ಹೊಲಿಗೆ ಯಂತ್ರದ ಸದ್ದು ಫಕ್ಕನೆ ನಿಂತಿತು. ಹೆಂಡತಿ ನಗುತ್ತಿದ್ದಾಳೆಂದು ಅದರ ಅರ್ಥ. ನನ್ನ ಹೆಂಡತಿ ದರ್ಜಿ. ಇಡೀ ಬೀದಿಯ ಕೋಟು, ಷರಟು, ಪ್ಯಾಂಟುಗಳ ಭವಿಷ್ಯ ಅವಳ ಕತ್ತರಿಯ ಬಾಯಲ್ಲಿದೆ. ನನ್ನದೂ ಅಲ್ಲೇ ಇದೆ ಎಂದು ಕೆಲವರು ಹೇಳುವುದುಂಟು, ಆ ಮಾತು ಈಗ ಬೇಡ.

ಮಾವ ಅಷ್ಟಕ್ಕೇ ಬಿಡಲಿಲ್ಲ. “ಬೇಜಾರು ಮಾಡ್ಕೋಬೇಡಿ. ಬರೆಯೋರು ಬರೀಬೇಕು, ಮಾಡೋರು ಮಾಡ್ಬೇಕು. ಪೆನ್ನು ಹಿಡಿಯೋ ಕೈಗೆ ಸ್ಪ್ಯಾನರ್ ಒಗ್ಗಲ್ಲ” ಎಂದರು.

ನನಗೆ ಮೈಯೆಲ್ಲ ಉರಿಯಿತು. ಅದೇ ಉರಿಯಲ್ಲಿ ವಿಮಾನದ ಘೋಷಣೆ ಹೊರಬಿತ್ತು. ಮಾವ ಚಹಾದ ಲೋಟ ಕೆಳಗಿಟ್ಟು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಸರಿ, ಹೀಗ್ಮಾಡಿ. ನಾನು ಊರಿಗೆ ಹೊರಡೋದ್ರೊಳಗೆ ನೀವು ಕಟ್ಟಿದ ವಿಮಾನ ಹಾರಿದ್ರೆ, ನಿಮ್ಮ ಪುಸ್ತಕಾನ ಮೊದಲನೇ ಪುಟದಿಂದ ಕೊನೇ ಪುಟದವರೆಗೂ ಕೂತು ಓದ್ತೀನಿ. ಒಂದಕ್ಷರ ಬಿಡಲ್ಲ.”

“ಹಾರದಿದ್ರೆ?”

“ಹಾರದಿದ್ರೆ ಈ ಮನೇಲಿ ಏನೇ ಕೆಟ್ರೂ ನೀವು ಮುಟ್ಬಾರ್ದು. ಬಲ್ಬು ಕೂಡ.”

“ಅಪ್ಪಾ, ಹಾರಿದ್ರೂ ಆ ಎರಡನೇದು ಇರ್ಲಿ!” ಎಂದು ಒಳಗಿನಿಂದ ಹೆಂಡತಿ ಕೂಗಿದಳು.

ನನಗೆ ಬೇರೇನೂ ಕೇಳಿಸಲಿಲ್ಲ. ನನ್ನ ಪುಸ್ತಕವನ್ನು ಒಬ್ಬ ಮನುಷ್ಯ, ಅದೂ ಒಬ್ಬ ಮೆಕ್ಯಾನಿಕ್, ಮೊದಲಿನಿಂದ ಕೊನೆಯವರೆಗೆ ಓದುತ್ತಾನೆ! ಒಬ್ಬ ಲೇಖಕನಿಗೆ ಇನ್ನೇನು ಬೇಕು? ಆ ಕ್ಷಣದಿಂದ ವಿಮಾನ ಹಾರಲೇಬೇಕಾಯಿತು.

ಪೆಟ್ಟಿಗೆ ಬಂತು. ಇಬ್ಬರು ಹೊತ್ತು ತಂದರು. “ಬಾಗಿಲು ತರಿಸಿದ್ರಾ? ಇರೋ ಬಾಗಿಲಿಗೆ ಏನಾಗಿತ್ತು?” ಎಂದು ಹೆಂಡತಿ ಕೇಳಿದಳು. ಬಿಚ್ಚಿದರೆ ಒಳಗೆ ಇಂಜಿನ್ ಒಂದನ್ನು ಬಿಟ್ಟು ವಿಮಾನದಂಥದ್ದು ಏನೂ ಕಾಣಲಿಲ್ಲ. ಹಗುರ ಮರದ ಪಟ್ಟಿಗಳು, ಬಾಚಣಿಗೆಯಂಥ ತುಂಡುಗಳು, ಕೈಬೆರಳಿನಷ್ಟು ದಪ್ಪದ ಕಡ್ಡಿಗಳು, ಬೆಂಕಿಪೊಟ್ಟಣದಷ್ಟು ಪುಟ್ಟ ಮೋಟರುಗಳು, ಸುರುಳಿ ಸುತ್ತಿದ ಕೆಂಪು ಹಾಳೆ, ಚಾಪೆಯಷ್ಟು ದೊಡ್ಡ ನಕ್ಷೆ. ಎಲ್ಲದರ ಅಡಿಯಲ್ಲಿ ಒಂದು ಪುಸ್ತಕ. ಮುಖಪುಟದ ಮೇಲೆ ಬರೆದಿತ್ತು: ‘ಆರಂಭಿಸುವ ಮುನ್ನ ದಯವಿಟ್ಟು ಪೂರ್ತಿ ಓದಿ.’

ನಾನು ನಕ್ಕು ಅದನ್ನು ಎಲ್ಲಿತ್ತೋ ಅಲ್ಲಿಗೇ ಸೇರಿಸಿದೆ. ಅಡುಗೆ ಮಾಡಿದವನಿಗೆ ಗೊತ್ತಲ್ಲವೇ, ಪಾತ್ರೆಯಲ್ಲಿ ಏನಿದೆ ಎಂದು! ಇಂಥ ಪುಸ್ತಕದ ಮೊದಲ ನಾಲ್ಕು ಪುಟದಲ್ಲಿ ಕೊಂಡುಕೊಂಡವರಿಗೆ ಅಭಿನಂದನೆ ಇರುತ್ತದೆ. ಮುಂದಿನ ಎಂಟು ಪುಟದಲ್ಲಿ ಎಚ್ಚರಿಕೆ: ಒದ್ದೆ ಕೈಯಲ್ಲಿ ಮುಟ್ಟಬೇಡಿ, ಮಕ್ಕಳ ಬಾಯಿಗೆ ಕೊಡಬೇಡಿ. ಆಮೇಲೆ ಯಾರಿಗೂ ಅರ್ಥವಾಗದ ಚಿತ್ರಗಳು. ನಿಜವಾಗಿ ಬೇಕಾದ ಮಾತು ಬರೆಯುವವನಿಗೆ ಕಟ್ಟಕಡೆಗೆ ನೆನಪಾಗುತ್ತದೆ. ಅದನ್ನು ಕೊನೆಯ ಪುಟದ ಬುಡದಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ ತುರುಕುತ್ತೇವೆ. ಇದು ನಮ್ಮ ವೃತ್ತಿಯ ಗುಟ್ಟು. ಗುಟ್ಟು ಗೊತ್ತಿದ್ದವನು ಕೊನೆಯ ಪುಟವನ್ನಾದರೂ ನೋಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನನ್ನ ಹೆಂಡತಿಯೂ ಕೇಳಿದಳು, ಆದರೆ ಆಮೇಲೆ.

ನಕ್ಷೆ ಹಾಸಲು ಮನೆಯಲ್ಲಿ ಜಾಗವಿದ್ದದ್ದು ಒಂದೇ ಕಡೆ: ಹೆಂಡತಿ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು.

“ರೀ, ಬ್ಯಾಂಡಿನೋರ ಹನ್ನೆರಡು ಕೋಟು ಇದೆ. ಎಲ್ಲಾ ಬಿಳಿ. ಎಲ್ಲಿ ಕತ್ತರಿಸ್ಲಿ?”

“ಚರಿತ್ರೆ ನಿರ್ಮಾಣ ಆಗ್ತಿರೋವಾಗ ಕೋಟಿನ ಮಾತಾಡ್ತೀಯಲ್ಲೇ!”

“ಅರ್ಧ ಮೇಜು ನಿಮಗೆ, ಅರ್ಧ ನನಗೆ. ಗುಂಡುಪಿನ್ನು ಬೇಕಾದ್ರೆ ತಗೊಳ್ಳಿ. ಕತ್ತರಿ ಮುಟ್ಟಿದ್ರೆ ಕೈ ಕತ್ತರಿಸ್ತೀನಿ.”

ಹೀಗೆ ಎರಡು ದೇಶಗಳ ನಡುವೆ ಒಪ್ಪಂದವಾಯಿತು. ಆಫೀಸಿನಿಂದ ಬಂದವನೇ ಪ್ರತಿ ಸಂಜೆ ನನ್ನ ಅರ್ಧದ ಮುಂದೆ ನಿಲ್ಲುತ್ತಿದ್ದೆ. ಕೆಲಸ ನಾನು ಅಂದುಕೊಂಡದ್ದಕ್ಕಿಂತ ಚೆಂದವಾಗಿತ್ತು. ನಕ್ಷೆಯಲ್ಲಿ ರೆಕ್ಕೆ ಇದ್ದಷ್ಟೇ ಗಾತ್ರಕ್ಕೆ ಬರೆದಿರುತ್ತದೆ. ಅದರ ಗೆರೆಗಳ ಮೇಲೆಯೇ ಮರದ ಪಟ್ಟಿ ಇಟ್ಟು ಪಿನ್ನು ಚುಚ್ಚಿ ನಿಲ್ಲಿಸಬೇಕು. ಪಟ್ಟಿಗೆ ಅಡ್ಡಲಾಗಿ ಬಾಚಣಿಗೆಯಂಥ ತುಂಡುಗಳನ್ನು ಪಕ್ಕೆಲುಬಿನ ಹಾಗೆ ಸಾಲಾಗಿ ಕೂರಿಸಿ ಅಂಟು ಹಾಕಬೇಕು. ಒಣಗಿದ ಮೇಲೆ ಪಿನ್ನು ಕಿತ್ತು ಎತ್ತಿದರೆ ಆಹಾ! ಕೆಳಗೆ ಸಪಾಟು, ಮೇಲೆ ಉಬ್ಬು, ಊದಿದರೆ ಅಲುಗುವಷ್ಟು ಹಗುರ. ಪೆನ್ನು ಹಿಡಿದ ಈ ಕೈಯಿಂದ ಒಂದು ರೆಕ್ಕೆ ಹುಟ್ಟಿತ್ತು! ನಾನು ಅದನ್ನು ಎತ್ತಿಕೊಂಡು ಮನೆಯೆಲ್ಲ ಓಡಾಡಿದೆ. ಮಾವ ಕನ್ನಡಕ ಹಾಕಿಕೊಂಡು ಅಂಟಿನ ಜಾಗವನ್ನೆಲ್ಲ ಬೆರಳಿನಿಂದ ಸವರಿ ನೋಡಿದರು. “ಹ್ಞೂಂ” ಎಂದರು. ಅವರ ಬಾಯಿಂದ ‘ಹ್ಞೂಂ’ ಬರುವುದು ಬೇರೆಯವರು ಹಾರ ಹಾಕಿದ್ದಕ್ಕೆ ಸಮ.

ಮೊದಲ ರೆಕ್ಕೆಗೆ ಹತ್ತು ದಿನ ಹಿಡಿದಿತ್ತು. ಎರಡನೆಯದು ಐದೇ ದಿನದಲ್ಲಿ ಮುಗಿಯಿತು. ಅದೇ ನಕ್ಷೆ, ಅದೇ ಗೆರೆ, ಪಳಗಿದ ಕೈ. ಮುಗಿದ ಮೇಲೆ ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿದೆ. ಪಡಿಯಚ್ಚು! ಒಂದು ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ!

“ಲೇ, ನೋಡೇ ಇಲ್ಲಿ! ಎರಡಿದೆ ಅಂತ ಹೇಳೋಕಾಗುತ್ತಾ? ಒಂದೇ ಅನ್ಬೇಕು, ಹಾಗೆ ಕೂತಿದೆ!”

ಹೆಂಡತಿ ಬ್ಯಾಂಡಿನವರ ಕೋಟಿಗೆ ಪಿನ್ನು ಹಾಕುತ್ತಿದ್ದಳು. ತುಟಿಗಳ ನಡುವೆ ಆರೇಳು ಗುಂಡುಪಿನ್ನು. ರೆಕ್ಕೆ ನೋಡಿದ್ದೇ ಅವಳ ಕಣ್ಣು ದೊಡ್ಡದಾಯಿತು. “ಉಂ!” ಎಂದಳು. ಕೈ ಮಗುಚಿ ತೋರಿಸಿ ಮತ್ತೆ “ಉಂ! ಉಂ!” ಎಂದಳು. ಮದುವೆಯಾಗಿ ಹತ್ತೊಂಬತ್ತು ವರ್ಷಕ್ಕೆ ಮೊದಲ ಸಲ ಹೆಂಡತಿಯ ಬಾಯಲ್ಲಿ ಮಾತು ಹೊರಡದಷ್ಟು ಮೆಚ್ಚುಗೆ! ನನಗೆ ಕಣ್ಣು ತುಂಬಿ ಬಂತು. ಹಾಗೇ ಹೊರಗೆ ಹೋಗಿ ಆಫೀಸಿನ ನಾಲ್ಕು ಜನಕ್ಕೆ ಫೋನ್ ಮಾಡಿ ವಿಷಯ ತಿಳಿಸಿದೆ.

ಮುಂದಿನದು ಕೆಂಪು ಹಾಳೆ. ಅದನ್ನು ರೆಕ್ಕೆಯ ಮೇಲೆ ಹಾಸಿ ಇಸ್ತ್ರಿ ಪೆಟ್ಟಿಗೆ ಆಡಿಸಿದರೆ ಬಿಸಿಗೆ ಬಿಗಿದು, ಡೋಲಿನ ಚರ್ಮದ ಹಾಗೆ ಕೂತುಕೊಳ್ಳುತ್ತದೆ. ಹೆಂಡತಿ ತರಕಾರಿಗೆ ಹೋಗಿದ್ದಾಗ ಅವಳ ಇಸ್ತ್ರಿ ಪೆಟ್ಟಿಗೆ ತೆಗೆದುಕೊಂಡು ಎರಡು ರೆಕ್ಕೆಗೂ ಹಾಕಿ ಮುಗಿಸಿದೆ. ಹೊಳೆಹೊಳೆಯುವ ಕೆಂಪು! ಇಸ್ತ್ರಿ ಪೆಟ್ಟಿಗೆಯ ಅಡಿಗೂ ಒಂದಿಷ್ಟು ಕೆಂಪು ಮೆತ್ತಿಕೊಂಡಿತ್ತು ಎಂಬುದು ಬ್ಯಾಂಡಿನ ಯಜಮಾನರ ಬಿಳಿ ಕೋಟಿನ ಬೆನ್ನ ಮೇಲೆ ಅದು ಇಳಿದ ಮೇಲೇ ಗೊತ್ತಾದದ್ದು.

“ರೀ! ಇದೇನಿದು?”

“ಸ್ವಲ್ಪ ಕೆಂಪು ಹತ್ತಿದೆ. ಬ್ಯಾಂಡಿನೋರಲ್ವಾ, ಬಣ್ಣ ಇದ್ರೆ ಕಳೆ.”

“ಹೌದೌದು. ಉಳಿದ ಹನ್ನೊಂದು ಕೋಟಿಗೂ ಹಾಕೊಡಿ ಹಾಗಾದ್ರೆ.”

ಅವಳು ಕೊನೆಗೆ ಹಾಗೇ ಮಾಡಿದಳು. ಹನ್ನೆರಡೂ ಕೋಟಿನ ಬೆನ್ನಿಗೆ ಕೆಂಪು ಪಟ್ಟಿ ಹೊಲಿದು ಅದೇ ಹೊಸ ಮಾದರಿ ಎಂದಳು. ಬ್ಯಾಂಡಿನ ಯಜಮಾನರು ಬಂದು ನೋಡಿ, ಬಹಳ ಚೆನ್ನಾಗಿದೆ, ಯಾರ ಯೋಚನೆ ಎಂದು ಕೇಳಿದರು. ನಾನು ವಿನಯದಿಂದ ಮುಂದೆ ಬರುತ್ತಿದ್ದೆ. ಹೆಂಡತಿ ನೋಡಿದ ನೋಟಕ್ಕೆ ಅಲ್ಲೇ ನಿಂತೆ.

ಆ ಹೊತ್ತಿಗೆ ವಿಮಾನದ ಒಡಲೂ ತಯಾರಾಗಿತ್ತು. ಮೂತಿಗೆ ಇಂಜಿನ್, ಅದರ ಮುಂದೆ ಮೊಳಕ್ಕಿಂತ ಉದ್ದದ ಪ್ರೊಪೆಲ್ಲರ್. ಮಾವ ಅದನ್ನು ‘ಫ್ಯಾನು’ ಎನ್ನುತ್ತಿದ್ದರು. ರೆಕ್ಕೆ ಜೋಡಿಸುವ ಮುಂಚೆ ಇಂಜಿನ್ ಪರೀಕ್ಷೆ ಆಗಬೇಕಿತ್ತು. ಪೆಟ್ರೋಲಿಗೆ ಎಣ್ಣೆ ಬೆರೆಸುವ ಅಳತೆ ಮಾವ ಹೇಳಿದರು. ಇದು ಸ್ಕೂಟರಿನ ತಮ್ಮ, ಅಷ್ಟೇ, ಎಂದರು. ಒಂದು ಬೆಳಿಗ್ಗೆ ಒಡಲನ್ನು ಹಿತ್ತಲಿಗೆ ಸಾಗಿಸಿದೆ. ಇಂಜಿನ್ ಓಡಿದಾಗ ಮುಂದಕ್ಕೆ ನುಗ್ಗಬಾರದಲ್ಲ? ಅದಕ್ಕೇ ಬುದ್ಧಿವಂತಿಕೆಯಿಂದ ಬಾಲವನ್ನು ಹಿತ್ತಲ ಬಾಗಿಲಿನ ಚೌಕಟ್ಟಿಗೆ ಹಗ್ಗ ಹಾಕಿ ಬಿಗಿದೆ. ಮೂತಿ ಗೋಡೆಯ ಕಡೆ, ಬಾಲ ಮನೆಯ ಕಡೆ.

ಆ ಬಾಗಿಲು ನೇರ ಹೊಲಿಗೆ ಕೋಣೆಗೆ ತೆರೆಯುತ್ತದೆ. ಕೋಣೆಯ ಆ ಕಡೆಯ ಕಿಟಕಿ ನೇರ ಬೀದಿಗೆ ತೆರೆಯುತ್ತದೆ. ಪ್ರೊಪೆಲ್ಲರಿನ ಗಾಳಿ ನೇರ ಬಾಲದ ಕಡೆಗೆ ಬೀಸುತ್ತದೆ. ಈ ಮೂರು ಸತ್ಯಗಳು ನನಗೆ ಬೇರೆ ಬೇರೆಯಾಗಿ ಗೊತ್ತಿದ್ದವು.

ಇಂಜಿನ್ ಮೂರನೆಯ ತಿರುವಿಗೇ ಹೊತ್ತಿಕೊಂಡಿತು. ಎಂಥ ಗರ್ಜನೆ! ಕಾಗೆಗಳು ಮರ ಬಿಟ್ಟು ಎದ್ದವು. ನಾನು ಎರಡು ಕೈ ಎತ್ತಿ ಕುಣಿದೆ. ಮಾವ ಕೂಡ ಕಿವಿಗೊಟ್ಟು, “ಇಂಜಿನ್ ಚೆನ್ನಾಗಿ ಮಾತಾಡ್ತಿದೆ” ಎಂದು ಕೂಗಿದರು. ಒಳಗೆ ಇನ್ನೊಬ್ಬರು ಅದಕ್ಕಿಂತ ಚೆನ್ನಾಗಿ ಮಾತಾಡುತ್ತಿದ್ದರು, ಗದ್ದಲದಲ್ಲಿ ಕೇಳಿಸಲಿಲ್ಲ. ಹನ್ನೆರಡು ಜನ ಬ್ಯಾಂಡಿನವರ ಪ್ಯಾಂಟಿನ ಅಳತೆಗೆ ಕತ್ತರಿಸಿಟ್ಟ ಕಾಗದದ ಕಾಲುಗಳು, ಸೊಂಟಪಟ್ಟಿಗಳು, ಜೇಬುಗಳು, ಕಿಟಕಿಯಿಂದ ಹಿಂಡುಹಿಂಡಾಗಿ ಹೊರಬಿದ್ದು ಬೀದಿಯ ಮೇಲೆ ಹಾರುತ್ತಿದ್ದವು. ನಮ್ಮ ಮನೆಯಿಂದ ಮೊದಲು ಹಾರಿದ್ದು ವಿಮಾನವಲ್ಲ, ಅವು. ನೆರೆಯವರು ಆರಿಸಿ ತಂದುಕೊಟ್ಟರು. ಆದರೆ ಯಾವ ಕಾಲು ಯಾರದು? ಮುಂದಿನ ವಾರ ಡೋಲು ಬಾರಿಸುವವರು ಪ್ಯಾಂಟಿನ ಅಳತೆ ಹಾಕಿ ನೋಡಲು ಬಂದರು. ಭಾರಿ ಆಸಾಮಿ. ಅವರಿಗೆ ಕೊಳಲೂದುವ ಕಡ್ಡಿಪೈಲ್ವಾನರ ಪ್ಯಾಂಟು ಬಂದಿತ್ತು.

“ಅಮ್ಮಾ, ಇದು ಮೊಣಕಾಲಿನಿಂದ ಮೇಲೇ ಏರ್ತಿಲ್ಲ.”

“ಉಸಿರು ಸ್ವಲ್ಪ ಎಳ್ಕೊಳ್ಳಿ.”

“ಮೊಣಕಾಲಿಗೆ ಉಸಿರು ಹೇಗಮ್ಮಾ ಎಳ್ಕೊಳ್ಳೋದು?”

ಅವತ್ತಿನ ಊಟಕ್ಕೆ ನನ್ನನ್ನು ಯಾರೂ ಕರೆಯಲಿಲ್ಲ.

ಆದರೂ ನಾನು ಕುಗ್ಗಲಿಲ್ಲ. ಆ ಭಾನುವಾರವೇ ರೆಕ್ಕೆ ಜೋಡಿಸುವ ಮಹೋತ್ಸವ ಇಟ್ಟುಕೊಂಡೆ. ಹಜಾರದ ಮಧ್ಯೆ ಒಡಲನ್ನು ನಿಲ್ಲಿಸಿ, ಮಾವನವರಿಗೆ ಕುರ್ಚಿ ಹಾಕಿ, ಹೆಂಡತಿಯನ್ನು ಕೆಲಸ ಬಿಡಿಸಿ ಕರೆದು ನಿಲ್ಲಿಸಿದೆ. ಎಡ ರೆಕ್ಕೆ ಹಾಕಿದೆ. ಬುಡದ ಎರಡು ಕಡ್ಡಿಗಳು ಒಡಲಿನ ಎರಡು ತೂತುಗಳಲ್ಲಿ ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿದವು. ಬಲ ರೆಕ್ಕೆ ತೆಗೆದುಕೊಂಡೆ. ಇಳಿಯಲಿಲ್ಲ. ಸರಿಯಾಗಿ ನೋಡಿದರೆ ರೆಕ್ಕೆಯ ಉಬ್ಬು ಕೆಳಗಾಗಿತ್ತು. ಮಗುಚಿ ಹಿಡಿದೆ. ಉಬ್ಬು ಮೇಲೆ ಬಂತು, ಮುಂದಿನ ಅಂಚು ಹಿಂದೆ ಹೋಯಿತು! ತಿರುಗಿಸಿದೆ. ಅಂಚು ಮುಂದೆ ಬಂತು, ಉಬ್ಬು ಮತ್ತೆ ಕೆಳಗೆ! ಹಾಗೆ ಮಾಡಿದೆ, ಹೀಗೆ ಮಾಡಿದೆ, ರೆಕ್ಕೆಯ ಬದಲು ನಾನೇ ಒಂದು ಸುತ್ತು ಬಂದೆ.

ಮಾವ ಕುರ್ಚಿಯಿಂದಲೇ ಬಾಗಿ ಎರಡೂ ರೆಕ್ಕೆಗಳನ್ನು ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು: “ಅಳಿಯಂದ್ರೇ, ಇದು ಹೋಗೋ ವಿಮಾನವೋ ಬರೋ ವಿಮಾನವೋ? ಒಂದು ರೆಕ್ಕೆ ಹೋಗ್ತೀನಿ ಅಂತಿದೆ, ಇನ್ನೊಂದು ಬರ್ತೀನಿ ಅಂತಿದೆ.”

“ನಕ್ಷೆಯೇ ತಪ್ಪು ಮಾವ! ಕಂಪನಿಯೋರು ಮೋಸ ಮಾಡಿದಾರೆ!”

“ಕುಣೀಲಾರದೋಳು ನೆಲ ಡೊಂಕು ಅಂದ್ಳಂತೆ” ಎಂದಳು ಹೆಂಡತಿ. “ನಿಮ್ಮ ವಿಮಾನಕ್ಕೆ ಬಲ ಇಲ್ಲ ರೀ.”

“ಬಲ ಇಲ್ವಾ? ಐವತ್ತೈದು ಸಿಸಿ ಇಂಜಿನ್ ಕಣೇ! ಕಿಟಕಿಯಿಂದ ಕಾಗದ ಹಾರಿಸಿದ್ದು ನೋಡ್ಲಿಲ್ವಾ?”

“ಆ ಬಲ ಅಲ್ಲ, ಈ ಬಲ!” ಅವಳು ತನ್ನ ಬಲಗೈ ಎತ್ತಿ ತೋರಿಸಿದಳು. “ನೀವು ಮಾಡಿರೋದು ಎರಡೂ ಎಡ. ಒಂದೇ ನಕ್ಷೆ ಮೇಲೆ ಎರಡ್ಸಲ ಮಾಡಿದ್ರೆ ಎರಡೂ ಎಡಾನೇ ಆಗೋದು. ತೋಳು ಕತ್ತರಿಸೋವಾಗ ಅದಕ್ಕೇ ಬಟ್ಟೆ ಮಡಚಿ ಕತ್ತರಿಸ್ತೀವಿ. ಎರಡು ಎಡ ಮಾಡಿದ್ರೆ ಎಡವಟ್ಟಲ್ದೆ ಇನ್ನೇನಾಗುತ್ತೆ?”

“ಗೊತ್ತಿದ್ರೆ ಮೊದಲೇ ಹೇಳ್ಬಾರ್ದಾ?”

“ಹೇಳಿದೆನಲ್ಲ! ಒಂದರ ಮೇಲೊಂದು ಇಟ್ಟು ತೋರಿಸಿದ ದಿನಾನೇ ಹೇಳ್ದೆ.”

“ಅವತ್ತು ನೀನು ‘ಉಂ’ ಅಂದೆ. ಮೆಚ್ಕೊಂಡೆ.”

“ಬಾಯಲ್ಲಿ ಪಿನ್ನಿತ್ತು ರೀ. ‘ಉಲ್ಟಾ’ ಅಂದೆ! ಪಿನ್ನು ತೆಗೆಯೋದ್ರೊಳಗೆ ನೀವು ಫೋನ್ ಹಿಡ್ಕೊಂಡು ಬೀದಿಗೇ ಹೋಗಿದ್ರಿ. ಆಮೇಲೆ ವಿಮಾನಕ್ಕೆ ಹಾಗೇ ಇರುತ್ತೇನೋ, ಬರೆಯೋರಿಗೆ ಗೊತ್ತಿರುತ್ತೆ ಅಂತ ಸುಮ್ನಾದೆ.”

ನಾನು ಪೆಟ್ಟಿಗೆಯ ತಳದಿಂದ ಪುಸ್ತಕ ತೆಗೆದೆ. ಕೊನೆಯ ಪುಟ, ಕೊನೆಯ ಸಾಲು, ಇರುವೆ ಗಾತ್ರದ ಅಕ್ಷರ. ಹೆಂಡತಿ ಓದಿ ಎಂದಳು. ಗಟ್ಟಿಯಾಗಿ ಓದಿ ಎಂದರು ಮಾವ. ಓದಿದೆ: ‘ನಕ್ಷೆಯಲ್ಲಿ ಎಡ ರೆಕ್ಕೆ ಮಾತ್ರ ಇದೆ. ಬಲ ರೆಕ್ಕೆಗೆ ನಕ್ಷೆಯ ಮೇಲೆ ಎಣ್ಣೆ ಸವರಿ, ಗೆರೆ ಹಿಂಬದಿಗೂ ಕಾಣುವಂತೆ ಮಾಡಿ, ಮಗುಚಿ ಹಾಸಿಕೊಳ್ಳಿ.’

“ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ” ಎಂದರು ಮಾವ. ಇಪ್ಪತ್ತೆರಡು ವರ್ಷ ಊರಿಗೆಲ್ಲ ‘ಪೂರ್ತಿ ಓದಿ, ಪೂರ್ತಿ ಓದಿ’ ಎಂದು ಬೇಡಿಕೊಂಡವನು ನಾನು! ನಿಜ ಹೇಳುತ್ತೇನೆ, ಆ ಹೊತ್ತಿನಲ್ಲಿ ನನಗೆ ಅಳು ಬಂತು. ಪಂದ್ಯ ಸೋತದ್ದಕ್ಕಲ್ಲ. ಮೊದಲ ರೆಕ್ಕೆಯ ಮೇಲೆ ಮಾವ ಬೆರಳಾಡಿಸಿ ‘ಹ್ಞೂಂ’ ಎಂದಿದ್ದರಲ್ಲ, ಅದನ್ನು ಕಳೆದುಕೊಂಡೆನಲ್ಲ ಎಂದು. ರೆಕ್ಕೆಯನ್ನು ಗೋಡೆಗೆ ಒರಗಿಸಿ ಕೂತುಬಿಟ್ಟೆ.

ಮಾವ ಎದ್ದು ಬಂದರು. ಎರಡನೆಯ ರೆಕ್ಕೆಯನ್ನೂ ಎತ್ತಿ, ತೂಗಿ, ಬಾಗಿಸಿ ನೋಡಿದರು.

“ಕೆಲಸ ಚೆನ್ನಾಗಿದೆ. ಕಡೆ ತಪ್ಪಿದೆ ಅಷ್ಟೇ. ನಾನು ಹೊರಡೋಕೆ ಇನ್ನೂ ಇಪ್ಪತ್ತು ದಿನ ಇದೆಯಲ್ಲ. ಮರ ತರಿಸಿ.”

“ಇನ್ನೊಂದ್ಸಲ ತಪ್ಪಾದ್ರೆ?”

“ಆಗಲ್ಲ. ಈ ಸಲ ನಾನು ಕತ್ತರಿಸ್ತೀನಿ, ಇವಳು ಅಳತೆ ನೋಡ್ತಾಳೆ.”

“ಮತ್ತೆ ನಾನು?”

“ನೀವು ಪುಸ್ತಕ ಓದಿ. ಗಟ್ಟಿಯಾಗಿ.”

ಹೀಗೆ ನನ್ನ ವಿಮಾನದಲ್ಲಿ ನನಗೆ ಓದುವ ಕೆಲಸ ಸಿಕ್ಕಿತು. ಆದರೆ ಆ ಇಪ್ಪತ್ತು ದಿನ ನಮ್ಮ ಮನೆಯಲ್ಲಿ ಎಷ್ಟು ಚೆನ್ನಾಗಿತ್ತೆಂದರೆ, ಹೇಳಿದರೆ ಹೊಟ್ಟೆಕಿಚ್ಚು ಪಡುತ್ತೀರಿ. ಹೆಂಡತಿ ನಕ್ಷೆಗೆ ಎಣ್ಣೆ ಸವರಿ ಮಗುಚಿ ಹಾಸಿದಳು. ಮಾವನ ಕೈ ಎಪ್ಪತ್ತೆರಡರ ವಯಸ್ಸಿನಲ್ಲೂ ನಡುಗದೆ ಬ್ಲೇಡ್ ಆಡಿಸುತ್ತಿತ್ತು. ನಾನು ಓದುತ್ತಿದ್ದೆ, ಅಂಟು ಹಾಕುವ ಸರದಿ ಬಂದಾಗ ಅವರೇ ನನಗೆ ಬಿಟ್ಟುಕೊಡುತ್ತಿದ್ದರು. “ಅಂಟು ನಿಮ್ಮದೇ ಸರಿ ಅಳಿಯಂದ್ರೇ, ಸೋರಲ್ಲ” ಎಂದರು ಒಂದು ದಿನ. ಆ ಮಾತನ್ನು ನಾನು ಆಫೀಸಿನಲ್ಲಿ ಹನ್ನೊಂದು ಜನಕ್ಕೆ ಹೇಳಿದೆ. ಬಲ ರೆಕ್ಕೆ ಹತ್ತೊಂಬತ್ತನೆಯ ದಿನ ಒಡಲಿನೊಳಗೆ ಇಳಿಯಿತು. ಮೂವರೂ ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆವು. ವಿಮಾನಕ್ಕೆ ಬಲ ಬಂದಿತ್ತು.

ಇಪ್ಪತ್ತನೆಯ ದಿನ ಬೆಳಿಗ್ಗೆ ಊರಾಚೆಯ ಬಯಲು. ಅಲ್ಲಿ ಪ್ರತಿ ಶನಿವಾರ, ಭಾನುವಾರ ಇಂಥ ವಿಮಾನ ಹಾರಿಸುವವರು ಸೇರುತ್ತಾರೆ. ಅವರ ಹಿರಿಯರನ್ನು ಎಲ್ಲರೂ ಕ್ಯಾಪ್ಟನ್ ಎನ್ನುತ್ತಾರೆ. ವೃತ್ತಿಯಿಂದ ಹಲ್ಲಿನ ಡಾಕ್ಟರು. ಅವರು ನಮ್ಮ ವಿಮಾನದ ಬಾಯಿ, ಬಾಲ ಎಲ್ಲವನ್ನೂ ಪರೀಕ್ಷಿಸಿ, ಮೊದಲು ತಾವು ಮೇಲೇರಿಸಿ ಆಮೇಲೆ ರಿಮೋಟ್ ಕೊಡುವುದಾಗಿ ಹೇಳಿದರು. ಇಂಜಿನ್ ಗುಡುಗಿತು. ವಿಮಾನ ಹುಲ್ಲಿನ ಮೇಲೆ ಓಡಿತು, ಕುಪ್ಪಳಿಸಿತು, ಮತ್ತೆ ಕೆಳಗೆ ಬರಲಿಲ್ಲ!

ಹಾರಿತು! ಪಂಪಿನ ಪುಸ್ತಕ ಬರೆಯುವವನ ವಿಮಾನ ಹಾರಿತು! ಬೆಳಗಿನ ಬಿಸಿಲು ಕೆಂಪು ರೆಕ್ಕೆಯೊಳಗಿಂದ ಹಾದು ಬರುತ್ತಿತ್ತು. ನಾವು ಕೂರಿಸಿದ ಒಂದೊಂದು ಪಕ್ಕೆಲುಬೂ ಕೆಳಗಿನಿಂದ ಎಣಿಸುವಂತೆ ಕಾಣುತ್ತಿತ್ತು. ನನ್ನ ಎದೆ ಕೋಟಿನ ಗುಂಡಿ ಕೀಳುವಷ್ಟು ಉಬ್ಬಿತು. ಮಾವ ಹಣೆಗೆ ಕೈ ಅಡ್ಡ ಇಟ್ಟು ನೋಡುತ್ತಿದ್ದರು. ಅವರ ಬಾಯಿ ತೆರೆದೇ ಇತ್ತು.

ಕ್ಯಾಪ್ಟನ್ ರಿಮೋಟನ್ನು ನನ್ನ ಕೈಗಿಟ್ಟರು. ವಿಮಾನ ನಮ್ಮಿಂದ ದೂರ ಹೋಗುತ್ತಿದ್ದಷ್ಟು ಹೊತ್ತು ಎಲ್ಲ ಸರಿಯಿತ್ತು. ಎಡ ಅಂದರೆ ಎಡ, ಬಲ ಅಂದರೆ ಬಲ. ಆಮೇಲೆ ಅದನ್ನು ನಮ್ಮ ಕಡೆಗೆ ತಿರುಗಿಸಿದೆ. ಇಲ್ಲೇ ಬಂತು ನೋಡಿ ತೊಂದರೆ! ಎದುರಿಗೆ ಬರುವ ವಿಮಾನದ ಎಡ ನಮ್ಮ ಬಲ, ಅದರ ಬಲ ನಮ್ಮ ಎಡ. ನಾನು ಎಡಕ್ಕೆ ತಿರುಗು ಎಂದರೆ ಅದು ಬಲಕ್ಕೆ ವಾಲಿತು. ಅಯ್ಯೋ ಎಂದು ಇನ್ನಷ್ಟು ಎಡಕ್ಕೆ ಒತ್ತಿದೆ. ಇನ್ನಷ್ಟು ಬಲಕ್ಕೆ ವಾಲಿ, ಮೂತಿ ಕೆಳಗೆ ಹಾಕಿ, ನೇರ ಬಯಲಂಚಿನ ನೀರಿನ ಟ್ಯಾಂಕಿನ ಕಡೆಗೆ ಹೊರಟಿತು!

“ಬಲಕ್ಕೆ! ಬಲಕ್ಕೆ!” ಎಂದು ಮಾವ ಕೂಗಿದರು.

“ಯಾರ ಬಲಕ್ಕೆ ಮಾವ? ನಂದೋ ಅದರದ್ದೋ?”

ಕ್ಯಾಪ್ಟನ್ ಕೈ ಚಾಚುವಷ್ಟರಲ್ಲಿ ನನ್ನ ಹೆಂಡತಿ ರಿಮೋಟ್ ಕಿತ್ತುಕೊಂಡಿದ್ದಳು. ಅದರ ಕಡ್ಡಿಯನ್ನು ಒಂದೇ ಸಲ ಅತ್ತ ತಳ್ಳಿದಳು, ಹಿಂದಕ್ಕೆಳೆದಳು. ವಿಮಾನ ಟ್ಯಾಂಕಿನ ನೆತ್ತಿ ಸವರಿಕೊಂಡು ಮೇಲೆದ್ದು ನೆಟ್ಟಗಾಯಿತು. ಆಮೇಲೆ ರಿಮೋಟನ್ನು ಕ್ಯಾಪ್ಟನ್ ಕೈಗೆ ಒಪ್ಪಿಸಿ ಹೆಗಲ ಮೇಲಿನ ಸೆರಗನ್ನು ಸರಿಪಡಿಸಿಕೊಂಡಳು. ಅವರು ಹೂವಿನ ಹಾಗೆ ಇಳಿಸಿದರು.

“ಎಷ್ಟು ವರ್ಷದಿಂದ ಹಾರಿಸ್ತಿದೀರಮ್ಮಾ?” ಎಂದು ಕ್ಯಾಪ್ಟನ್ ಕೇಳಿದರು.

“ಹಾರಿಸಿದ್ದು ಇವತ್ತೇ. ದಿನಾ ಎದುರಿಗೆ ನಿಂತೋರ ಅಳತೆ ತಗೋತೀನಲ್ಲ, ಅವರ ಬಲ ತೋಳು ನನ್ನ ಎಡಕ್ಕೇ ಇರೋದು. ಅಭ್ಯಾಸ.”

ಅವಳನ್ನು ನೋಡಿ ನನಗಾದ ಹೆಮ್ಮೆಗೆ ಎಂಟೂವರೆ ಅಡಿ ಸಾಲದು. ಬಯಲಿನಲ್ಲಿದ್ದ ಎಲ್ಲರಿಗೂ ಒಬ್ಬೊಬ್ಬರಾಗಿ ಹೇಳಿಬಂದೆ: “ನನ್ನ ಹೆಂಡ್ತಿ! ನನ್ನ ಹೆಂಡ್ತಿ!”

ಮನೆಗೆ ಬಂದ ಮೇಲೆ ಮಾವ ಕೈಕಾಲು ತೊಳೆದು, ಕುರ್ಚಿಯನ್ನು ಕಿಟಕಿಯ ಬೆಳಕಿಗೆ ಎಳೆದುಕೊಂಡರು.

“ಮಾತು ಅಂದ್ರೆ ಮಾತು ಅಳಿಯಂದ್ರೇ. ಹಾರಿದೆ. ಎಲ್ಲಿ, ನಿಮ್ಮ ಪುಸ್ತಕ ತನ್ನಿ.”

ಎರಡು ಕೈಯಲ್ಲಿ ಹಿಡಿದು ತಂದುಕೊಟ್ಟೆ. ಅವರು ಅಭಿನಂದನೆಯ ಪುಟದಿಂದ ಶುರುಮಾಡಿದರು. ಬೆರಳಿಟ್ಟು, ಒಂದೊಂದೇ ಸಾಲು, ಒಂದಕ್ಷರ ಬಿಡದೆ. ನಾನು ಬಾಗಿಲ ಮರೆಯಲ್ಲಿ ನಿಂತು ನೋಡಿದೆ. ಎಚ್ಚರಿಕೆಯ ಪುಟಗಳಿಗೆ ತಲೆಯಾಡಿಸಿದರು. ಒಂಬತ್ತನೆಯ ಚಿತ್ರವನ್ನು ಹತ್ತಿರ ಹಿಡಿದು ನೋಡಿದರು. 

“ಹ್ಞೂಂ” ಎಂದರು. ನನ್ನ ಜನ್ಮ ಸಾರ್ಥಕವಾಯಿತು!

ಆಮೇಲೆ ಬೆರಳು ನಿಂತಿತು. ಇಪ್ಪತ್ತಾರನೆಯ ಪುಟ.

“ಅಳಿಯಂದ್ರೇ, ಬನ್ನಿ ಇಲ್ಲಿ. ‘ಗಾಳಿ ಹೊರಹೋದ ಮೇಲೆ ಮೇಲಿನ ತಿರುಪನ್ನು ಎಡಕ್ಕೆ ತಿರುಗಿಸಿ ಭದ್ರವಾಗಿ ಬಿಗಿಯಿರಿ.’ ಎಡಕ್ಕೆ ತಿರುಗಿಸಿದ್ರೆ ತಿರುಪು ಬಿಗಿಯಾಗುತ್ತಾ?”

ನಾನು ಬಲಗೈಯನ್ನು ಗಾಳಿಯಲ್ಲಿ ತಿರುಗಿಸಿ ನೋಡಿದೆ. ಎಡಗೈಯನ್ನೂ ತಿರುಗಿಸಿ ನೋಡಿದೆ. ಒಳಗೆ ಹೊಲಿಗೆ ಯಂತ್ರ ಫಕ್ಕನೆ ನಿಂತಿತು.

“ಸಡಿಲ... ಸಡಿಲ ಆಗುತ್ತೆ ಮಾವ.”

“ಸಡಿಲ ಆಗಿ ತಿರುಪು ಕೈಗೆ ಬರುತ್ತೆ. ನೀರು ಮುಖಕ್ಕೆ ಬರುತ್ತೆ. ಎಷ್ಟು ವರ್ಷದಿಂದ ಹೀಗೇ ಅಚ್ಚಾಗ್ತಿದೆ?”

“ಇಪ್ಪತ್ತೆರಡು.”

“ಒಂದು ದೂರೂ ಬಂದಿಲ್ವಾ?”

“ಒಂದೇ ಒಂದೂ ಇಲ್ಲ ಮಾವ.”

ಮಾವ ಕನ್ನಡಕ ತೆಗೆದರು. ಪುಸ್ತಕ ಮುಚ್ಚಿ, ಬಹಳ ಗೌರವದಿಂದ ನನ್ನ ಕೈಗೆ ವಾಪಸ್ ಕೊಟ್ಟರು.

“ಹಾಗಾದ್ರೆ ಇದನ್ನ ಓದಿದ ಮೊದಲನೇ ಮನುಷ್ಯ ನಾನೇ!”